ಗುಡ್ಡವೂ ಬೇಕು, ಗನ್ನೂ ಬೇಕು

ಹೊಸ ಓದುಗರಿಗೆ ಒಂದು ಮಾತು. ಈ ಪುಟದಲ್ಲಿ ಉತ್ತರ ಬರೆಯುವ ನಾನು ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನಲ್ಲಿ, ಈಗ ಇರೋದು ತುಮಕೂರಿನಲ್ಲಿ. ನಡುವೆ ಹದಿನೈದು ವರ್ಷ ಅಮೆರಿಕದಲ್ಲಿದ್ದೆ. 2004ರಿಂದ 2011ರವರೆಗೆ ಐಡಾಹೊ ರಾಜ್ಯದ ಬಾಯ್ಸಿ, ಆಮೇಲೆ 2019ರ ತನಕ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾ. ಅದಕ್ಕೇ ವಿದೇಶದ ವಿಷಯದ ಕಾಗದಗಳನ್ನೆಲ್ಲ ಸಂಪಾದಕರು ನನ್ನ ಕಡೆ ತಳ್ಳುತ್ತಾರೆ. ಈ ಸಲ ಬಂದ ಮೂರೂ ಕಾಗದಗಳಲ್ಲಿ ಕೋವಿಯ ವಾಸನೆ ಇದೆ.

ಪ್ರಶ್ನೆ: ಅಕ್ಕ, ನಮ್ಮೂರು ಚಿಂತಾಮಣಿ. ಹನ್ನೊಂದು ವರ್ಷದಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಹೋದ ವರ್ಷ ನನಗೂ ಹೆಂಡತಿಗೂ ಗ್ರೀನ್ ಕಾರ್ಡ್ ಬಂತು. ಒಂಬತ್ತು ವರ್ಷದ ಮಗಳಿದ್ದಾಳೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದಾಗ ಹತ್ತಿದ ಗುರಿ ಹೊಡೆಯೋ ಹುಚ್ಚು ಇನ್ನೂ ಬಿಟ್ಟಿಲ್ಲ. ಇಲ್ಲಿ ಒಂದು ಗನ್ ತಗೋಬೇಕಾದರೆ ಪೊಲೀಸರಿಗೆ ಅರ್ಜಿ, ಬೆರಳಚ್ಚು, ನನ್ನ ಪರವಾಗಿ ಹೇಳೋಕೆ ಇಬ್ಬರು. ಸ್ಕಂದಗಿರಿ ಹತ್ತಿ ಬೆಳೆದವನಿಗೆ ಎಡಿಸನ್‌ನ ಹೆದ್ದಾರಿ ನೋಡಿ ನೋಡಿ ಸಾಕಾಗಿದೆ. ಬೆಟ್ಟ ಗುಡ್ಡ ಇರೋ, ಗನ್ನಿಗೆ ಕಿರಿಕಿರಿ ಇಲ್ಲದ ರಾಜ್ಯಕ್ಕೆ ಹೋಗೋಣ ಅಂತಿದ್ದೇನೆ. ಮೊಂಟಾನಾ, ವಯೋಮಿಂಗ್, ಐಡಾಹೊ, ಯೂಟಾ, ಟೆನೆಸಿ, ನ್ಯೂ ಹ್ಯಾಂಪ್‌ಶೈರ್ ಅಂತ ಪಟ್ಟಿ ಮಾಡಿದ್ದೇನೆ. ನನ್ನ ಕೆಲಸ ಮನೆಯಿಂದಲೇ ನಡೆಯುತ್ತೆ. ಹೆಂಡತಿ ಔಷಧ ಕಂಪನಿಯಲ್ಲಿದ್ದಾಳೆ, ಬಾಸ್ಟನ್ ಕಚೇರಿಗೆ ವರ್ಗ ಸಿಗಬಹುದು. ಬಾಮೈದ ಎಚ್-1ಬಿ ವೀಸಾದಲ್ಲಿ ನಮ್ಮ ಜೊತೆಗೇ ಇದ್ದಾನೆ. ಬೇಸಿಗೆಗೆ ಅಪ್ಪ ಅಮ್ಮ ಬರ್ತಾರೆ, ಅಪ್ಪನ ಕೈಯಲ್ಲೂ ನಾಲ್ಕು ಗುಂಡು ಹೊಡೆಸೋ ಆಸೆ. ಯಾವ ರಾಜ್ಯ ಒಳ್ಳೇದು?

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ. ಮೊದಲ ಸಲ ಕಣ್ಣು ರಾಜ್ಯಗಳ ಪಟ್ಟಿಯ ಮೇಲೆ ಹೋಯಿತು. ಎರಡನೇ ಸಲ ನಿಮ್ಮ ಬಾಮೈದನ ಮೇಲೆ, ನಿಮ್ಮ ತಂದೆಯವರ ಮೇಲೆ ಬಿತ್ತು. ಮೊದಲು ಅವರಿಬ್ಬರದ್ದು ಮುಗಿಸೋಣ.

ವಲಸೆಯಲ್ಲದ ವೀಸಾದ ಮೇಲೆ, ಅಂದರೆ ಸ್ವಲ್ಪ ಕಾಲ ಇದ್ದು ಹೋಗೋಕೆ ಕೊಡುವ ವೀಸಾದ ಮೇಲೆ, ಅಮೆರಿಕದೊಳಗೆ ಬಂದವರು ಗನ್ ಆಗಲಿ, ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ. ಕೆಲಸಕ್ಕೆ ಬಂದವರ ಎಚ್-1ಬಿ, ಎಲ್-1, ಓದೋಕೆ ಬಂದವರ ಎಫ್-1, ಅಪ್ಪ ಅಮ್ಮಂದಿರ ಪ್ರವಾಸಿ ವೀಸಾ, ಎಲ್ಲಾ ಇದರಲ್ಲೇ ಬಂತು. ಇದು ರಾಜ್ಯದ ಕಾನೂನಲ್ಲ, ಇಡೀ ದೇಶಕ್ಕೆ ಒಂದೇ. ಮೊಂಟಾನಾದ ಯಾವ ಮೂಲೆಗೆ ಹೋದರೂ ತಪ್ಪಿಸಿಕೊಳ್ಳೋಕಾಗಲ್ಲ. 2022ರಲ್ಲಿ ಶಿಕ್ಷೆಯ ಮಿತಿಯನ್ನು 10 ವರ್ಷದಿಂದ 15 ವರ್ಷಕ್ಕೆ ಏರಿಸಿದ್ದಾರೆ. ಒಂದು ಕಿಂಡಿ ಇದೆ. ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಈ ನಿಷೇಧ ಅವರಿಗೆ ತಟ್ಟುವುದಿಲ್ಲ. ಆದರೆ ಆ ಕಿಂಡಿಯಲ್ಲಿ ನುಗ್ಗುವ ಮೊದಲು ವಲಸೆ ವಕೀಲರಿಗೆ ಫೀಸು ಕೊಟ್ಟು ಕೇಳಿ. ಪಕ್ಕದ ಮನೆಯವರು ಹೇಳಿದರು ಅಂತ ಹೋಗಬೇಡಿ.

ಹಾಗಾಗಿ ಅಪ್ಪನ ಕೈಗೆ ರೈಫಲ್ ಕೊಡುವ ಆಸೆ ಸದ್ಯಕ್ಕೆ ಬಿಡಿ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಸಿಗೋ ಗನ್ ಅಂದರೂ ಅದೇ ಲೆಕ್ಕ. "ನಮ್ಮ ಆಫೀಸಿನ ಹುಡುಗರೆಲ್ಲ ಲಾಸ್ ವೇಗಸ್‌ನಲ್ಲಿ ಹೊಡೆದು ಫೋಟೊ ಹಾಕಿದ್ರಲ್ಲಾ" ಅಂತೀರಿ. ಹಾಕಿರಬಹುದು. ಆ ಫೋಟೊ ಅಲ್ಲೇ ಇರುತ್ತೆ, ಅವರ ಗ್ರೀನ್ ಕಾರ್ಡ್ ಅರ್ಜಿಯೂ ಅಲ್ಲೇ ಇರುತ್ತೆ.

ಬಾಮೈದನ ವಿಷಯ ಇನ್ನೂ ಸೂಕ್ಷ್ಮ. ಗನ್ ನಿಮ್ಮದೇ ಇರಬಹುದು. ಆದರೆ ಅದು ಅವನ ಕೈಗೆ ಎಟಕುವ ಕಡೆ ಇದ್ದು, ಬೀಗದ ಕೈಯೋ ನಂಬರೋ ಅವನಿಗೂ ಗೊತ್ತಿದ್ದರೆ, ಅವನ ಹತ್ತಿರವೂ ಇದ್ದ ಹಾಗೆ ಅಂತ ವಾದ ಮಾಡೋಕೆ ಸರ್ಕಾರಿ ವಕೀಲರಿಗೆ ದಾರಿ ಆಗುತ್ತೆ. ಸೇಫ್ ತಗೊಳ್ಳಿ, ನಂಬರು ನಿಮ್ಮಿಬ್ಬರಿಗೆ ಮಾತ್ರ ಇರಲಿ. ನಿಮಗೂ ಒಂದು ಎಚ್ಚರಿಕೆ ಹೇಳಬೇಕು. ಗನ್ನಿಗೆ ಸಂಬಂಧಪಟ್ಟ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡಿನವರನ್ನು ದೇಶದಿಂದ ಹೊರಗೆ ಕಳಿಸಬಹುದು. ಅಮೆರಿಕದ ಪ್ರಜೆ ಜೈಲು, ದಂಡ ಅಂತ ಮುಗಿಸಿಕೊಂಡು ಮನೆಗೆ ಹೋಗುತ್ತಾನೆ. ನೀವು ಮನೆಗೆ ಹೋಗಬೇಕು ಅಂದರೆ ಚಿಂತಾಮಣಿಗೇ ಹೋಗಬೇಕಾಗುತ್ತೆ.

ಇನ್ನು ನಿಮ್ಮಿಬ್ಬರ ಮಾತು. ಗ್ರೀನ್ ಕಾರ್ಡ್ ಇರೋದರಿಂದ ಕೊಳ್ಳಬಹುದು. ಲೈಸೆನ್ಸ್ ಇರೋ ಅಂಗಡಿಯಲ್ಲಿ 4473 ಅನ್ನೋ ಫಾರಂ ತುಂಬಬೇಕು, ಅದರಲ್ಲಿ ನಿಮ್ಮ ವಲಸೆ ನಂಬರನ್ನೂ ಬರೆಯಬೇಕು. ಅಂಗಡಿಯವರು ಅಲ್ಲೇ ನಿಮ್ಮ ಹಿನ್ನೆಲೆ ಪರಿಶೀಲನೆ ಮಾಡಿಸುತ್ತಾರೆ. 1998ರಿಂದ ಈ ಪದ್ಧತಿ ಇದೆ. ಇದು ಎಲ್ಲಾ ರಾಜ್ಯಕ್ಕೂ ಒಂದೇ. ರಾಜ್ಯ ರಾಜ್ಯಕ್ಕೆ ವ್ಯತ್ಯಾಸ ಬರೋದು ಇದರ ಮೇಲೆ ಅವರವರು ಏನು ಸೇರಿಸುತ್ತಾರೆ ಅನ್ನೋದರಲ್ಲಿ. ನಿಮ್ಮ ನ್ಯೂಜೆರ್ಸಿ ಸೇರಿಸಿದ್ದು ಜಾಸ್ತಿ. ಪಿಸ್ತೂಲಿಗೆ ಒಂದೊಂದಕ್ಕೂ ಬೇರೆ ಪರ್ಮಿಟ್, ಗನ್ನಿಗೆ ತೋಟಾ ತುಂಬಿ ಸಿಕ್ಕಿಸುವ ಮ್ಯಾಗಜಿನ್‌ನಲ್ಲಿ ಹತ್ತೇ ತೋಟಾ. ನಿಮ್ಮ ಪಟ್ಟಿಯ ಆರು ರಾಜ್ಯಗಳು ಸೇರಿಸಿದ್ದು ಕಡಿಮೆ.

ಜನ "ಗನ್ ಸ್ನೇಹಿ" ಅನ್ನುವಾಗ ಮುಖ್ಯವಾಗಿ ಹೇಳೋದು ಪರ್ಮಿಟ್ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದಾ ಅನ್ನೋದನ್ನ. 50 ರಾಜ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಈಗ ಅದಕ್ಕೆ ಅವಕಾಶ ಇದೆ. ವರ್ಮಾಂಟ್‌ನಲ್ಲಿ ಪರ್ಮಿಟ್ ಅನ್ನೋದೇ ಯಾವತ್ತೂ ಇರಲಿಲ್ಲ. ವಯೋಮಿಂಗ್ 2011ರಲ್ಲಿ, ಐಡಾಹೊ 2016ರಲ್ಲಿ, ನ್ಯೂ ಹ್ಯಾಂಪ್‌ಶೈರ್ 2017ರಲ್ಲಿ, ಮೊಂಟಾನಾ, ಯೂಟಾ, ಟೆನೆಸಿ ಮೂರೂ 2021ರಲ್ಲಿ ಪರ್ಮಿಟ್ ಬೇಡ ಅಂದವು. ಅಂದರೆ ಇದೇ ಒಂದು ಅಳತೆ ಹಿಡಿದರೆ ನಿಮ್ಮ ಆರೂ ರಾಜ್ಯ ಪಾಸು. ಆರೂ ಪಾಸಾದ ಪರೀಕ್ಷೆಯಲ್ಲಿ ರ‍್ಯಾಂಕ್ ಯಾರಿಗೆ ಕೊಡೋದು? ಅಲ್ವಾ?

ಬಾಯ್ಸಿಗೆ ಹೋದ ಎರಡನೇ ವಾರದ ಒಂದು ಘಟನೆ ಹೇಳ್ತೀನಿ. ದಿನಸಿ ಅಂಗಡಿಯಲ್ಲಿ ಬಿಲ್ಲಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಎತ್ತರದ ಮನುಷ್ಯ. ತಳ್ಳುಗಾಡಿಯಲ್ಲಿ ಮಗುವಿನ ಡೈಪರ್ ಕಟ್ಟು, ಬಾಳೆಹಣ್ಣು, ಎರಡು ಕ್ಯಾನ್ ಹಾಲು. ಬಗ್ಗಿ ಹಾಲೆತ್ತುವಾಗ ಅಂಗಿ ಮೇಲೆ ಹೋಯಿತು, ಸೊಂಟದಲ್ಲಿ ಕಪ್ಪು ಪಿಸ್ತೂಲು. ನನ್ನ ಕೈಯಲ್ಲಿದ್ದ ಮೊಸರಿನ ಡಬ್ಬ ಜಾರಿ ಒಡೆದು ಹೋಯಿತು. ಅವನೇ ಕಾಗದದ ಟವೆಲ್ ತಂದು ನೆಲ ಒರೆಸಿದ, "ಪರವಾಗಿಲ್ಲ ಮೇಡಂ" ಅಂದ, ಹೊಸ ಡಬ್ಬಕ್ಕೆ ದುಡ್ಡು ಕೊಡೋಕೆ ಬಂದ. ಬಿಲ್ಲು ಹಾಕುವ ಹುಡುಗಿ ತಲೆಯೆತ್ತಿ ಕೂಡ ನೋಡಲಿಲ್ಲ. ಅಲ್ಲಿ ಕಾಣುವ ಹಾಗೆ ಇಟ್ಟುಕೊಳ್ಳೋಕೆ ಆಗಲೂ ಯಾವ ಅಡ್ಡಿಯೂ ಇರಲಿಲ್ಲ. ಏಳು ವರ್ಷದಲ್ಲಿ ನನಗೂ ಅಭ್ಯಾಸ ಆಯಿತು. ಆದರೆ ಅದು ಮೆಚ್ಚಿಕೆ ಆಗಲಿಲ್ಲ, ಈಗಲೂ ಆಗಿಲ್ಲ. ಹಾಗಂತ ಅಲ್ಲಿನವರೆಲ್ಲ ಪುಂಡರು ಅಂದುಕೊಳ್ಳಬೇಡಿ. ಮೊದಲ ಚಳಿಗಾಲದಲ್ಲಿ ನಮ್ಮ ಕಾರು ಹಿಮದಲ್ಲಿ ಹೂತಾಗ ಸಲಿಕೆ ತಂದವರು ಅಂಥವರೇ.

ಮಗಳು ಒಂಬತ್ತು ವರ್ಷದವಳು ಅಂದಿರಲ್ಲ, ಅದಕ್ಕೆ ಇದನ್ನೂ ಹೇಳಬೇಕು. ಅಲ್ಲಿ ಮಕ್ಕಳನ್ನು ಗೆಳತಿಯರ ಮನೆಗೆ ಆಡೋಕೆ ಕಳಿಸುವ ಪದ್ಧತಿ ಇದೆಯಲ್ಲ. ನನ್ನ ಮಗಳನ್ನು ಮೊದಲ ಸಲ ಕಳಿಸುವಾಗ ಅಲ್ಲಿಯ ಇನ್ನೊಬ್ಬ ತಾಯಿ ಹೇಳಿಕೊಟ್ಟಳು: "ಫೋನು ಮಾಡಿ ಕೇಳು, ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದ್ದೀರಾ ಅಂತ." ಹಾಗೆಲ್ಲ ಕೇಳೋದು ಹೇಗೆ ಅಂತ ನಾಚಿಕೆ ಆಯಿತು. ಆಮೇಲೆ ನೆನಪಾಯಿತು. ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಗೇಟಿನ ಹತ್ತಿರ ನಿಂತು "ನಾಯಿ ಕಟ್ಟಿದ್ದೀರಾ?" ಅಂತ ಕೂಗುತ್ತಿದ್ದೆವು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಆವತ್ತಿನಿಂದ ಸಂಕೋಚ ಬಿಟ್ಟು ಕೇಳಿದೆ. ಒಬ್ಬರೂ ಮುಖ ಸಿಂಡರಿಸಲಿಲ್ಲ. ಒಬ್ಬಾಕೆ ಮಾತ್ರ "ಇದೆ, ಹಾಸಿಗೆ ಪಕ್ಕದ ಡ್ರಾಯರಿನಲ್ಲಿ" ಅಂದಳು. ಮಗಳಿಗೆ ಆವತ್ತು ನೆಗಡಿ ಬಂತು ಅಂತ ಹೇಳಿದೆ.

ಈಗ ಬೆಟ್ಟಗಳ ಕಡೆ ಬರೋಣ. ಮೊಂಟಾನಾ ನೋಡಿದರೆ ಕಣ್ಣು ತುಂಬುತ್ತೆ. ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ದಾರಿಯಲ್ಲಿ ಕಾರು ನಿಲ್ಲಿಸಿ ನಾವು ಗಂಡ ಹೆಂಡತಿ ಅರ್ಧ ಗಂಟೆ ಮಾತೇ ಆಡಿರಲಿಲ್ಲ. ಆದರೆ ಲೆಕ್ಕ ನೋಡಿ. ಮೊಂಟಾನಾದ ವಿಸ್ತೀರ್ಣ ಸುಮಾರು 3.8 ಲಕ್ಷ ಚದರ ಕಿಲೋಮೀಟರ್, ಅಂದರೆ ಎರಡು ಕರ್ನಾಟಕ. ಜನ 2020ರ ಗಣತಿಯಲ್ಲಿ 10.8 ಲಕ್ಷ. ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯೊಂದರಲ್ಲೇ 2011ರಲ್ಲಿ 12.5 ಲಕ್ಷ ಜನ ಇದ್ದರು. ಜಿಲ್ಲೆಯ ಜನರನ್ನೆಲ್ಲ ಎರಡು ಕರ್ನಾಟಕದ ಉದ್ದಗಲಕ್ಕೆ ಹರಡಿದರೆ ಹೇಗಿರುತ್ತೆ ಯೋಚನೆ ಮಾಡಿ. ವಯೋಮಿಂಗ್ ಇನ್ನೂ ಖಾಲಿ, ಆರು ಲಕ್ಷವೂ ಇಲ್ಲ. ಯೆಲ್ಲೊಸ್ಟೋನ್ ಅಲ್ಲಿದೆ, ರಾಜ್ಯದ ಆದಾಯ ತೆರಿಗೆ ಇಲ್ಲ, ನಿಜ. ನಿಮ್ಮ ಹೆಂಡತಿಯ ಔಷಧ ಕಂಪನಿಯ ಕೆಲಸ ಅಲ್ಲಿ ಎಲ್ಲಿ ಹುಡುಕುತ್ತೀರಿ? ಪ್ರವಾಸಕ್ಕೆ ಹೋಗಿ ಬನ್ನಿ ಸಾಕು. ಹೋದಾಗ ಕರಡಿಗೆ ಅಂತ ಗನ್ ಹಿಡಿದು ಹೋಗಬೇಡಿ. ಅಲ್ಲಿನ ಕಾವಲಿನವರು ಹೇಳೋದು ಕರಡಿಗೆ ಅಂತಲೇ ಮಾಡಿದ ಖಾರದ ಸ್ಪ್ರೇ ಇಟ್ಟುಕೊಳ್ಳಿ ಅಂತ. ಓಡಿಬರುವ ಕರಡಿಗೆ ಗುರಿಯಿಟ್ಟು ಹೊಡೆಯೋದು ಎನ್‌ಸಿಸಿಯಲ್ಲಿ ಕಲಿಸಿರೋದಿಲ್ಲ.

ಐಡಾಹೊ ನನ್ನ ಮೊದಲ ಮನೆ, ಹಾಗಾಗಿ ಪಕ್ಷಪಾತ ಇದೆ. ಬಾಯ್ಸಿಯಲ್ಲಿ ಕಂಪ್ಯೂಟರ್ ಚಿಪ್ ಕಾರ್ಖಾನೆ ಇದೆ, ನಮ್ಮವರೂ ಇದ್ದಾರೆ. ಶೋಶೋನ್ ಅನ್ನೋ ಜಲಪಾತ 212 ಅಡಿ, ನಯಾಗರಾಗಿಂತ ಎತ್ತರ, ನೀರು ನೋಡಬೇಕಾದರೆ ವಸಂತಕಾಲದಲ್ಲೇ ಹೋಗಬೇಕು. ಜೋಗದ ಕಥೆಯೇ ಅದೂ. 2020ರ ನಂತರ ಕ್ಯಾಲಿಫೋರ್ನಿಯಾದವರು ನುಗ್ಗಿ ಮನೆಗಳ ಬೆಲೆ ಮೇಲೆ ಹೋಯಿತು. ನಾವು ಮಾರಿಕೊಂಡು ಬಂದ ಮನೆಯ ಈಗಿನ ಬೆಲೆಯನ್ನು ನಮ್ಮ ಯಜಮಾನರು ಇನ್ನೂ ಮೊಬೈಲಿನಲ್ಲಿ ನೋಡಿ ನಿಟ್ಟುಸಿರು ಬಿಡುತ್ತಾರೆ.

ಯೂಟಾದಲ್ಲಿ ಐದು ರಾಷ್ಟ್ರೀಯ ಉದ್ಯಾನ ಇವೆ. ಸಾಲ್ಟ್ ಲೇಕ್ ಸಿಟಿಯ ದಕ್ಷಿಣಕ್ಕೆ ಸಾಫ್ಟ್‌ವೇರ್ ಕಂಪನಿಗಳು, ಸೌತ್ ಜೋರ್ಡನ್‌ನಲ್ಲಿ ಗಣೇಶನ ಗುಡಿ, ಸ್ಪ್ಯಾನಿಶ್ ಫೋರ್ಕ್‌ನಲ್ಲಿ ರಾಧಾಕೃಷ್ಣರ ಗುಡಿ, ಅಲ್ಲಿ ದೊಡ್ಡ ಹೋಳಿ. ಚಳಿಗಾಲದಲ್ಲಿ ಕಣಿವೆಯ ಮೇಲೆ ಹೊಗೆ ಮುಚ್ಚಳ ಹಾಕಿದ ಹಾಗೆ ಕೂರುತ್ತೆ. ಮನೆಯಲ್ಲಿ ಉಬ್ಬಸ ಇದ್ದವರಿದ್ದರೆ ಯೋಚಿಸಿ. ಟೆನೆಸಿಯಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ, ಸ್ಮೋಕಿ ಬೆಟ್ಟಗಳಿವೆ, ನ್ಯಾಶ್‌ವಿಲ್‌ನಲ್ಲಿ ಗಣೇಶನ ಗುಡಿ ಇದೆ. ಬೇಸಿಗೆ ಸೆಖೆ, ಸುಂಟರಗಾಳಿ. ಅಷ್ಟೇ ಹೇಳಬಲ್ಲೆ, ನಾನು ಅಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರಲಿಲ್ಲ.

ನಿಮ್ಮ ಮನೆಯ ಪರಿಸ್ಥಿತಿಗೆ ನಾನು ಹೇಳೋದು ನ್ಯೂ ಹ್ಯಾಂಪ್‌ಶೈರ್‌ನ ದಕ್ಷಿಣ ಭಾಗ. ಹೆಂಡತಿಗೆ ಬಾಸ್ಟನ್ ಕೆಲಸ ಸಿಕ್ಕರೆ ಇದಕ್ಕಿಂತ ಸರಿಹೊಂದೋದು ಆ ಪಟ್ಟಿಯಲ್ಲಿಲ್ಲ. ಸಂಬಳಕ್ಕೆ ರಾಜ್ಯದ ತೆರಿಗೆ ಇಲ್ಲ, ಮಾರಾಟ ತೆರಿಗೆಯೂ ಇಲ್ಲ. ಬದಲಿಗೆ ಮನೆ ಕಂದಾಯ ಕೈ ಕಚ್ಚುತ್ತೆ, ಮೊದಲ ಬಿಲ್ಲು ನೋಡಿ ನಾವು ಸೊನ್ನೆ ಜಾಸ್ತಿ ಬಿದ್ದಿದೆ ಅಂದುಕೊಂಡಿದ್ದೆವು. ಬಾಸ್ಟನ್ ಇರೋದು ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಹೆಂಡತಿ ಅಲ್ಲಿಗೆ ಹೋಗಿ ದುಡಿದ ಸಂಬಳಕ್ಕೆ ಅಲ್ಲಿನ ತೆರಿಗೆ ಕಟ್ಟಲೇಬೇಕು, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ನ್ಯಾಶುವಾದಿಂದ ಆಶ್‌ಲ್ಯಾಂಡ್‌ನ ಲಕ್ಷ್ಮಿ ದೇವಸ್ಥಾನ ಸುಮಾರು ಒಂದು ಗಂಟೆ ದಾರಿ. ಉತ್ತರಕ್ಕೆ ಹೊರಟರೆ ಒಂದೂವರೆ ಗಂಟೆಯಲ್ಲಿ ವೈಟ್ ಮೌಂಟನ್ಸ್. ಅಲ್ಲಿನ ಮೌಂಟ್ ವಾಷಿಂಗ್ಟನ್ 6,288 ಅಡಿ, ಹೆಚ್ಚೂಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ. ಎತ್ತರ ಅಷ್ಟೇ ಅಂತ ಸದರ ಮಾಡಬೇಡಿ. 1934ರಲ್ಲಿ ಅದರ ನೆತ್ತಿಯ ಮೇಲೆ ಗಂಟೆಗೆ 231 ಮೈಲಿ ವೇಗದ ಗಾಳಿ ಬೀಸಿದ್ದು ದಾಖಲಾಗಿದೆ. ಅಕ್ಟೋಬರಿನಲ್ಲಿ ಕ್ಯಾಂಕಮಾಗಸ್ ಹೆದ್ದಾರಿಯಲ್ಲಿ ಹೋಗಿ. ಮೇಪಲ್ ಮರಗಳು ಕುಂಕುಮ, ಅರಿಶಿನ ಎರಚಿಕೊಂಡು ನಿಂತಿರುತ್ತವೆ. ನಮ್ಮತ್ತೆ ಅದನ್ನು ನೋಡಿ "ಮರಕ್ಕೆಲ್ಲ ಯಾರೇ ಪೂಜೆ ಮಾಡಿದ್ದು?" ಅಂದಿದ್ದರು.

ಈಗ ಅದರ ಮುಳ್ಳು. ನ್ಯಾಶುವಾ ದಾಟಿ ದಕ್ಷಿಣಕ್ಕೆ ಹತ್ತು ನಿಮಿಷ ಹೋದರೆ ಮ್ಯಾಸಚೂಸೆಟ್ಸ್. ಅಲ್ಲಿ ಲೈಸೆನ್ಸ್ ಇಲ್ಲದೆ ಗನ್ ಹೊತ್ತುಕೊಂಡು ಸಿಕ್ಕಿಬಿದ್ದರೆ ಕನಿಷ್ಠ 18 ತಿಂಗಳ ಜೈಲು ಅಂತ ಕಾನೂನಿನಲ್ಲೇ ಬರೆದಿದೆ. ಗಡಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ, ಒಂದು ಬೋರ್ಡು ಅಷ್ಟೇ. ಹೆಂಡತಿಯನ್ನು ಸ್ಟೇಷನ್ನಿನಿಂದ ಕರೆತರೋಕೆ ಅಂತ ರೇಂಜಿನಿಂದ ಸೀದಾ ಕಾರು ತಿರುಗಿಸಿದರೆ ಮುಗೀತು. ನಮ್ಮ ಬೀದಿಯವರು ಕಾರಿನ ಡಿಕ್ಕಿ ತೆಗೆದು ನೋಡಿಯೇ ದಕ್ಷಿಣಕ್ಕೆ ಹೊರಡುತ್ತಿದ್ದರು.

ಅದಕ್ಕೇ ಗನ್ನನ್ನು ನ್ಯೂಜೆರ್ಸಿಯಲ್ಲಿ ತಗೊಂಡು ಸಾಗಿಸಬೇಡಿ. ಮನೆ ಬದಲಿಸಿ, ಹೊಸ ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಮಾಡಿಸಿ, ಆಮೇಲೆ ಅಲ್ಲೇ ಕೊಳ್ಳಿ. ಗುಂಡು ತೆಗೆದು, ಡಿಕ್ಕಿಯಲ್ಲಿ ಬೀಗ ಹಾಕಿಟ್ಟರೆ ಬೇರೆ ರಾಜ್ಯ ದಾಟಿ ಹೋಗಬಹುದು ಅಂತ 1986ರ ಒಂದು ಕೇಂದ್ರ ಕಾನೂನು ರಕ್ಷಣೆ ಕೊಡುತ್ತೆ. ಆದರೆ ದಾರಿಯಲ್ಲಿ ತಂಗಿದರೆ ಆ ರಕ್ಷಣೆ ತೆಳುವಾಗುತ್ತೆ. 2005ರಲ್ಲಿ ಯೂಟಾದವರೊಬ್ಬರು ಪೆನ್ಸಿಲ್ವೇನಿಯಾಗೆ ಹೊರಟಿದ್ದರು. ನಿಮ್ಮ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಮುಂದಿನ ವಿಮಾನ ತಪ್ಪಿತು. ಸಾಮಾನು ಕೈಗೆ ತಗೊಂಡು ಹೋಟೆಲಿನಲ್ಲಿ ರಾತ್ರಿ ಮಲಗಿದರು. ಬೆಳಿಗ್ಗೆ ಕೌಂಟರಿನಲ್ಲಿ ಪ್ರಾಮಾಣಿಕವಾಗಿ "ಪೆಟ್ಟಿಗೆಯಲ್ಲಿ ಪಿಸ್ತೂಲಿದೆ" ಅಂದರು. ಅರೆಸ್ಟ್. ಕೇಸು ಕೈಬಿಟ್ಟರು, ಆದರೆ ಅವರು ಪರಿಹಾರ ಕೇಳಿ ಹಾಕಿದ ದಾವೆ 2010ರಲ್ಲಿ ಮೇಲಿನ ಕೋರ್ಟಿನಲ್ಲೂ ಬಿತ್ತು. ರಾತ್ರಿ ಗನ್ ಅವರ ಕೈಗೆ ಸಿಗುವ ಹಾಗಿತ್ತು ಅನ್ನೋದೇ ಕಾರಣ.

ಊರಿಗೆ ಬರುವಾಗ ಇನ್ನೊಂದು ಜೋಪಾನ. ರೇಂಜಿಗೆ ಒಯ್ಯುವ ಚೀಲವನ್ನು ದೇವನಹಳ್ಳಿ ವಿಮಾನಕ್ಕೆ ತರಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ಸ್ಕ್ಯಾನರಿನಲ್ಲಿ ಕಂಡರೂ ಇಲ್ಲಿ ಆಯುಧ ಕಾಯ್ದೆ ಬರುತ್ತೆ. ಅಜ್ಜಿ ಮಾಡಿಟ್ಟ ಕೋಡುಬಳೆ ಮನೆಯಲ್ಲೇ ಆರಿಹೋಗುತ್ತೆ.

ಕೊನೆಗೆ ಒಂದು ಕೇಳಬಾರದ ಪ್ರಶ್ನೆ ಕೇಳ್ತೀನಿ. ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಬೇಸರ, ನಿದ್ದೆಯಿಲ್ಲದ ಕಾಲ ಏನಾದರೂ ಇದೆಯಾ? 2022ರಲ್ಲಿ ಅಮೆರಿಕದಲ್ಲಿ ಗನ್ನಿನಿಂದ ಸತ್ತವರು ಸುಮಾರು 48,000. ಅದರಲ್ಲಿ 27,000 ಜನ ತಮ್ಮ ಕೈಯಿಂದಲೇ ಹೋದವರು. ಕಳ್ಳರ ಸುದ್ದಿ ಟಿವಿಯಲ್ಲಿ ಬರುತ್ತೆ, ಇದು ಬರೋದಿಲ್ಲ. ಬಾಯ್ಸಿಯಲ್ಲಿ ನಮ್ಮ ಎದುರು ಮನೆಯ ತಾತ ಹೆಂಡತಿ ತೀರಿಕೊಂಡ ವಾರವೇ ತನ್ನ ಎರಡೂ ರೈಫಲ್ಲನ್ನು ಮಗನ ಕಾರಿಗೆ ಹಾಕಿ ಕಳಿಸಿದ. "ಸ್ವಲ್ಪ ದಿನ ನನ್ನ ಹತ್ತಿರ ಬೇಡ" ಅಂದ. ಜಿಂಕೆ ಬೇಟೆಯ ಕಾಲಕ್ಕೆ ವಾಪಸು ತರಿಸಿಕೊಂಡ. ಅಂಥ ಕಾಲ ನಿಮ್ಮ ಮನೆಗೆ ಬಂದರೆ ಗನ್ ಮನೆಯಿಂದ ಹೊರಗೆ ಇರಲಿ.

ಮನೆ ಕೊಳ್ಳುವ ಅವಸರ ಬೇಡ. ಅಕ್ಟೋಬರಿನಿಂದ ಏಪ್ರಿಲ್ ತನಕ ಬಾಡಿಗೆಗಿರಿ. ಫೆಬ್ರವರಿಯಲ್ಲಿ ಸಂಜೆ ಐದೂವರೆಗೆ ಕತ್ತಲು, ಬಾಗಿಲ ಮುಂದೆ ಮೊಣಕಾಲುದ್ದ ಹಿಮ, ಸಲಿಕೆ ಹಿಡಿದು ನೀವು. ಆಗಲೂ ಹೆಂಡತಿ "ಇಲ್ಲೇ ಇರೋಣ" ಅಂದರೆ ಮನೆ ನೋಡಿ.

ಪ್ರಶ್ನೆ: ಮಧುಗಿರಿ ತಾಲ್ಲೂಕಿನ ರೈತ, ವಯಸ್ಸು 61. ಕಡಲೆಕಾಯಿ ಹೊಲಕ್ಕೆ ಹಂದಿ ಕಾಟ ಅಂತ ನಮ್ಮ ತಂದೆಯವರು ಒಂಟಿ ನಳಿಕೆ ಕೋವಿಗೆ ಲೈಸೆನ್ಸ್ ಮಾಡಿಸಿದ್ದರು. ಅವರಿಗೀಗ 84, ಕಣ್ಣು ಮಂಜು. ಮಗ ಸೋಮವಾರಪೇಟೆ ಹತ್ತಿರ ತೋಟ ತಗೊಂಡಿದ್ದಾನೆ, ನಾವೆಲ್ಲ ಅಲ್ಲಿಗೇ ಹೋಗ್ತೀವಿ. ಕೊಡಗಿನಲ್ಲಿ ಕೋವಿಗೆ ಲೈಸೆನ್ಸೇ ಬೇಡವಂತೆ. ಹಾಗಾದರೆ ರಿನ್ಯೂವಲ್ ಬಿಟ್ಟುಬಿಡಬಹುದಾ?

ಉತ್ತರ: ಖಂಡಿತ ಬಿಡಬೇಡಿ ಯಜಮಾನರೇ. ಕೊಡಗಿನ ನೆಲಕ್ಕೆ ಆ ವಿನಾಯಿತಿ ಇಲ್ಲ. ಅದಿರೋದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ಅಲ್ಲಿ ವಂಶಪಾರಂಪರ್ಯವಾಗಿ ಜಮ್ಮಾ ಜಮೀನು ಇರೋರಿಗೆ. 1963ರ ಅಧಿಸೂಚನೆಯಿಂದ ಬಂದಿದ್ದನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಅದನ್ನು ಪ್ರಶ್ನಿಸಿ ಹಾಕಿದ ಅರ್ಜಿಯನ್ನು ನಮ್ಮ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು. ಅವರಿಗೆ ಕೋವಿ ಅಂದರೆ ಮನೆಯ ಸದಸ್ಯನಿದ್ದ ಹಾಗೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಇಟ್ಟು ಪೂಜೆ ಮಾಡುತ್ತಾರೆ. ನೀವು ಅಲ್ಲಿ ತೋಟ ಕೊಂಡ ಮಾತ್ರಕ್ಕೆ ಅದು ನಿಮಗೆ ಬರೋದಿಲ್ಲ. ಮಧುಗಿರಿಯಲ್ಲಿ ಯಾವ ಕಾನೂನೋ ನಿಮಗೆ ಅಲ್ಲೂ ಅದೇ.

ತಂದೆಯವರಿಗೆ 84 ಆಗಿರೋದು ನಿಮಗೆ ಒಂದು ಅನುಕೂಲ. 2016ರ ಆಯುಧ ನಿಯಮದ ಪ್ರಕಾರ ಲೈಸೆನ್ಸ್‌ದಾರರಿಗೆ 70 ತುಂಬಿದ್ದರೆ, ಅಥವಾ ಕೋವಿ ಅವರ ಹತ್ತಿರ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡಿಸಬಹುದು. ತುಮಕೂರಿನ ಡಿಸಿ ಆಫೀಸಿನಲ್ಲಿ ಈಗಲೇ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಮುಂದಕ್ಕೆ ತಳ್ಳಿದರೆ ಕೋವಿ ಠಾಣೆಗೆ ಒಪ್ಪಿಸಿ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಹಿಡಿದು ಅಲೆಯಬೇಕಾಗುತ್ತೆ. ಲೈಸೆನ್ಸ್ ಈಗ ಐದು ವರ್ಷಕ್ಕೆ ಸಿಗುತ್ತೆ, ಮೊದಲು ಮೂರಿತ್ತು. ಹೆಸರು ಬದಲಾದ ಮೇಲೆ ಮಡಿಕೇರಿಯ ಡಿಸಿ ಆಫೀಸಿಗೆ ಹೊಸ ವಿಳಾಸ ತಿಳಿಸಿ ಲೈಸೆನ್ಸಿನಲ್ಲಿ ಬರೆಸಿ.

ನಮ್ಮಪ್ಪನ ಹತ್ತಿರವೂ ಒಂಟಿ ನಳಿಕೆ ಇತ್ತು. ಸಿದ್ಧರಬೆಟ್ಟದ ಕಡೆಯಿಂದ ಕರಡಿ ಇಳಿಯುತ್ತಿತ್ತು. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಬೇಕು. ಅಮ್ಮನ ಹಳೇ ಸೀರೆ ಸುತ್ತಿ, ಸೈಕಲ್ಲಿನ ಬಾರಿಗೆ ಉದ್ದಕ್ಕೆ ಕಟ್ಟಿ ಅಪ್ಪ ಒಯ್ಯುತ್ತಿದ್ದರು. ದಾರಿಯಲ್ಲಿ ಸಿಕ್ಕವರು "ಏನು ಗೌಡ್ರೇ, ಎಲೆಕ್ಷನ್ ಬಂತಾ?" ಅಂತ ಕೇಳೋರು. ಪೇಪರ್ ಓದದವರಿಗೂ ಹಾಗೇ ಗೊತ್ತಾಗ್ತಿತ್ತು. ಒಂದು ಸಲ ವಾಪಸು ಬಂದಾಗ ನಳಿಕೆಯೊಳಗೆ ಕೆಂಪಗೆ ತುಕ್ಕು. ಮಳೆ ಸೋರುವ ಕೋಣೆಯಲ್ಲಿ ಗೋಡೆಗೆ ಒರಗಿಸಿದ್ದರಂತೆ. ಅಪ್ಪ ಯಾರನ್ನೂ ಬೈಯಲಿಲ್ಲ. ಜಗಲಿಯಲ್ಲಿ ಕೂತು ಕಡ್ಡಿಗೆ ಬಟ್ಟೆ ಸುತ್ತಿ, ಕೊಬ್ಬರಿ ಎಣ್ಣೆ ಅದ್ದಿ, ಎರಡು ದಿನ ಉಜ್ಜಿದರು. ನನಗೆ ಆ ಎಣ್ಣೆ ಮತ್ತು ಕಬ್ಬಿಣದ ವಾಸನೆ ಈಗಲೂ ಮೂಗಿನಲ್ಲಿದೆ. ನೀವು ಒಪ್ಪಿಸುವಾಗ ರಸೀದಿಯಲ್ಲಿ ಕೋವಿಯ ನಂಬರಿನ ಜೊತೆ "ಸುಸ್ಥಿತಿಯಲ್ಲಿದೆ" ಅಂತಲೂ ಬರೆಸಿಕೊಳ್ಳಿ.

ಪ್ರಶ್ನೆ: ಶಿಡ್ಲಘಟ್ಟದಿಂದ ಒಬ್ಬ ತಾಯಿ. ಮಗ ಮೊಂಟಾನಾದಲ್ಲಿದ್ದಾನೆ. ನವೆಂಬರಿನಲ್ಲಿ ಹೋಗ್ತಿದ್ದೀನಿ. ವಾಕಿಂಗ್ ಹೋಗೋವಾಗ ಕಣ್ಣು ಕುಕ್ಕೋ ಕಿತ್ತಳೆ ಬಣ್ಣದ ಜಾಕೆಟ್ ಹಾಕಲೇಬೇಕು ಅಂತಾನೆ. ನನಗೆ ಆ ಬಣ್ಣ ಒಪ್ಪಲ್ಲ. ನನ್ನ ಕಂದು ಬಣ್ಣದ ಸ್ವೆಟರ್ ಸಾಲದಾ?

ಉತ್ತರ: ಸಾಲದು ಅಕ್ಕ. ಅಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಜಿಂಕೆ ಬೇಟೆಯ ಕಾಲ, ಜಿಂಕೆಯೂ ಕಂದು ಬಣ್ಣದ್ದೇ. ಬೇಟೆಗಾರರೇ ಸೊಂಟದ ಮೇಲೆ 400 ಚದರ ಇಂಚು ಕಿತ್ತಳೆ ಬಣ್ಣ ಕಾಣುವ ಹಾಗೆ ಹಾಕಬೇಕು ಅಂತ ಅಲ್ಲಿ ನಿಯಮ ಇದೆ. ಮಗ ಕೊಟ್ಟಿದ್ದನ್ನು ಸುಮ್ನೆ ಹಾಕ್ಕೊಳ್ಳಿ. ಸ್ವೆಟರ್ ಅದರ ಒಳಗೆ.